ಒತ್ತಬಾರದ ಬಟನ್

"ಪಕ್ಕದಲ್ಲಿರೋ ಆ ಎರಡು ಬಟನ್ ಮಾತ್ರ ಒತ್ತಬೇಡಮ್ಮ. ಉಳಿದದ್ದು ಏನ್ ಬೇಕಾದ್ರೂ ನೋಡ್ಕೋ."

ಹಳೆಯ ಗಡಿಯಾರಗಳಿಗೆ ಬೆಲೆ ಕಟ್ಟುವ ಹೆಂಗಸು ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿಯನ್ನು ತೆಗೆದು, ಎದುರು ಕುಳಿತು ಹಾಗೆಂದ ಹಿರಿಯರನ್ನೂ ಅವರ ಮಗಳನ್ನೂ ನೋಡಿದಳು. ಅಲ್ಲಿಯವರೆಗೆ ಎಲ್ಲ ಸರಾಗವಾಗಿ ನಡೆದಿತ್ತು. ಬಟ್ಟೆ ಹಾಸಿದ ತಟ್ಟೆಯಲ್ಲಿ ಮಲಗಿದ್ದ ಜಪಾನಿನ ಗಡಿಯಾರ ಅವಳಿಗೆ ನೋಡಿದ ಕೂಡಲೇ ಹಿಡಿಸಿತ್ತು. ಅಂಚುಗಳು ಇನ್ನೂ ಚೂಪಾಗಿದ್ದವು, ಯಾರೂ ಪಾಲಿಶ್ ಹಾಕಿ ಸವೆಸಿರಲಿಲ್ಲ. ಉಕ್ಕಿನ ಪಟ್ಟಿಯ ಒಂದು ಕೊಂಡಿಯೂ ಬದಲಾಗಿರಲಿಲ್ಲ. ಡಬ್ಬಿ ಇದೆಯಾ ಎಂದು ಕೇಳಿದಾಗ ಮಗಳು, "ಇದೆ, ಆದ್ರೆ ಅದ್ರೊಳಗೆ ಅಮ್ಮನ ಸೂಜಿ ದಾರ ಇದೆ. ಬಿಡಿಸ್ಕೊಂಡು ಬರೋಕೆ ಯುದ್ಧಾನೇ ಆಗ್ಬೇಕು," ಎಂದು ನಗಿಸಿದ್ದಳು.

"ಸರ್, ಇದು ಬರೀ ಗಂಟೆ ತೋರಿಸೋ ಗಡಿಯಾರ ಅಲ್ಲ, ಸ್ಟಾಪ್‌ವಾಚೂ ಹೌದು. ಮೇಲಿನ ಬಟನ್ ಒತ್ತಿದ್ರೆ ಈ ಉದ್ದ ಮುಳ್ಳು ಓಡ್ಬೇಕು, ಇನ್ನೊಮ್ಮೆ ಒತ್ತಿದ್ರೆ ನಿಲ್ಬೇಕು. ಕೆಳಗಿಂದು ಒತ್ತಿದ್ರೆ ಸೀದಾ ಸೊನ್ನೆಗೆ ಬರ್ಬೇಕು. ಅದನ್ನ ನೋಡದೆ ಬೆಲೆ ಹೇಳೋದು ಅಂದ್ರೆ, ಬಾಯಿ ತೆರೆಸದೆ ಹಲ್ಲು ಎಣಿಸಿದ ಹಾಗೆ." ಅವಳು ಮತ್ತೆ ಬಗ್ಗಿದಳು. ಉದ್ದ ಮುಳ್ಳು ಅರ್ಧ ದಾರಿಯಲ್ಲಿ ದಣಿದವರಂತೆ ನಿಂತಿತ್ತು. ಒಳಗಿನ ಪುಟ್ಟ ವೃತ್ತದ ಮುಳ್ಳು ಎರಡು ನಿಮಿಷ ದಾಟಿ ನಿಂತಿತ್ತು. "ಒಮ್ಮೆನೂ ಬಿಚ್ಚಿ ಸರ್ವಿಸ್ ಮಾಡ್ಸಿಲ್ವಾ? ಎಣ್ಣೆ ಎಲ್ಲ ಒಣಗಿರ್ಬೇಕು. ದಿನಾ ಹಿಂದೆ ಬೀಳುತ್ತಲ್ವಾ?"

"ಬೀಳದೆ ಏನು!" ಎಂದಳು ಮಗಳು. "ಹಡಗಿನ ಎಂಜಿನಿಯರ್ ಇವ್ರು. ಸಮುದ್ರದ ಮೇಲೆ ಒಂದು ನಿಮಿಷ ತಪ್ಪಿದೋರಲ್ಲ. ನನ್ನನ್ನ ಶಾಲೆಗೆ ಬಿಡೋಕೆ ಬಂದಾಗ ಮಾತ್ರ ಯಾವಾಗ್ಲೂ ಲೇಟು. ಅಪ್ಪ, ಏನಿದು ಹಟ? ಬೆಳಗ್ಗೆ ಇದನ್ನ ಕೈಯಿಂದ ಬಿಚ್ಚಿ, 'ತಗೋ, ಇದನ್ನ ಮಾರಿದ್ರೆ ನಿನ್ನ ಬೇಕರಿಗೆ ಓವನ್ ಆಯ್ತು' ಅಂದಿದ್ದು ನೀನೇ ಅಲ್ವಾ?"

ಹಾಗೆ ಅಂದಳಾದರೂ ಆ ಬಟನ್‌ಗಳನ್ನು ಅವಳೂ ಯಾವತ್ತೂ ಮುಟ್ಟಿದವಳಲ್ಲ. ಚಿಕ್ಕಂದಿನಲ್ಲಿ ಅವಳ ಬೆರಳು ಆ ಕಡೆ ಹರಿದರೆ ಅಪ್ಪ ಕೈ ಎಳೆದುಕೊಳ್ಳುತ್ತಿದ್ದರು. ಏಳು ಸಮುದ್ರದಾಚೆ ಒಂದು ಗಿಳಿ, ಗಿಳಿಯ ಎದೆಯಲ್ಲಿ ರಾಕ್ಷಸನ ಪ್ರಾಣ ಎಂದು ಅಜ್ಜಿ ಕಥೆ ಹೇಳಿದ ರಾತ್ರಿಯೇ ಅವಳಿಗೆ ಗುಟ್ಟು ತಿಳಿದುಹೋಗಿತ್ತು. ಅಪ್ಪ ಬರುವುದೂ ಸಮುದ್ರದಾಚೆಯಿಂದಲೇ ತಾನೆ? ಅವರ ಪ್ರಾಣ ಈ ಬಟನ್‌ನಲ್ಲಿದೆ, ಒತ್ತಿದರೆ ಮುಗಿಯಿತು. ದೊಡ್ಡವಳಾದ ಮೇಲೆ ನಗು ಬಂದಿತ್ತು. ಬೆರಳಿಗೆ ಮಾತ್ರ ಆ ಹೆದರಿಕೆ ಹಾಗೇ ಉಳಿದಿತ್ತು.

"ಬಟನ್ ಕೆಟ್ಟಿದ್ರೆ ಹೇಳ್ಬಿಡಿ ಸರ್, ಮುಚ್ಚುಮರೆ ಬೇಡ," ಎಂದಳು ಬೆಲೆ ಕಟ್ಟುವವಳು.

"ಕೆಟ್ಟಿಲ್ಲಮ್ಮ." ಅಪ್ಪ ಮೇಜಿನ ಅಂಚನ್ನು ಸವರಿದರು. "ಹಡಗಿಗೆ ಸೇರಿದಾಗ ನಮಗೆ ಹೇಳಿಕೊಟ್ಟ ಮೊದಲ ಪಾಠ: ಎಂಜಿನ್ ಸದ್ದು ನಿಂತ್ರೆ ಮೊದಲು ಗಡಿಯಾರದ ಬಟನ್ ಒತ್ತು, ಆಮೇಲೆ ಗಾಬರಿಯಾಗು. ಎಷ್ಟು ಹೊತ್ತಿಂದ ನಿಂತಿದೆ ಅಂತ ಲೆಕ್ಕ ಇರ್ಬೇಕಲ್ಲ..." ಅವರು ಮಗಳ ಕಡೆ ತಿರುಗಲಿಲ್ಲ. "ಇವಳು ಹುಟ್ಟಿದಾಗ ರಜೆ ಮೇಲೆ ಬಂದಿದ್ದೆ. ಆಸ್ಪತ್ರೇಲಿ ಬಾಗಿಲ ಹೊರಗೆ ನಿಂತಿದ್ದೆ. ಒಳಗಿಂದ ನರ್ಸು 'ಹೆಣ್ಣು ಮಗು' ಅಂದ್ಲು. ಆಮೇಲೆ ಸದ್ದೇ ಇಲ್ಲ. ಮಗು ಅಳ್ಲೇ ಇಲ್ಲ. ಕೈ ತಾನಾಗೇ ಒತ್ಬಿಟ್ಟಿತ್ತು. ಇವಳು ಅತ್ತ ಮೇಲೆ ನಿಲ್ಲಿಸ್ದೆ. ಅಷ್ಟೇ. ಅದನ್ನ ಸೊನ್ನೆ ಮಾಡೋಕೆ ಮನಸ್ಸು ಬರ್ಲಿಲ್ಲ."

ಮಗಳು ತಟ್ಟೆಯ ಮೇಲೆ ಬಗ್ಗಿದಳು. ಹನ್ನೆರಡರಿಂದ ಹೊರಟು, ಸುತ್ತಿ ಬಂದು, ಆ ಮುಳ್ಳು ನಿಂತಲ್ಲಿಯವರೆಗಿನ ದಾರಿಯನ್ನೆಲ್ಲ ಅಪ್ಪ ಒಬ್ಬರೇ ನಡೆದಿದ್ದರು. ಗಿಳಿಯ ಎದೆಯಲ್ಲಿ ಇದ್ದದ್ದು ಅವರ ಪ್ರಾಣವಲ್ಲ.

ಬೆಲೆ ಕಟ್ಟುವವಳು ತಟ್ಟೆಯನ್ನು ಮೆಲ್ಲಗೆ ಇತ್ತ ತಳ್ಳಿದಳು. "ನನ್ನ ಕೈಲಿ ಇದನ್ನ ಒತ್ತೋಕಾಗಲ್ಲ ಸರ್. ಮನೆಗೆ ತಗೊಂಡು ಹೋಗಿ."

"ಅಯ್ಯೋ, ಬೇಡಮ್ಮ. ಅಂಗಡಿ ಸಿಕ್ಕಿದೆ, ಬೋರ್ಡೂ ಬರ್ಸಿದಾಳೆ, ಓವನ್ ಒಂದು ಇಲ್ಲ. ಒತ್ತು, ಪರವಾಗಿಲ್ಲ," ಎಂದರು ಅಪ್ಪ.

ಮಗಳು ಗಡಿಯಾರವನ್ನು ಎತ್ತಿಕೊಂಡಳು. ಅಂಗೈಯಲ್ಲಿ ಅದು ಮೆಲ್ಲಗೆ ಬೆಚ್ಚಗಾಯಿತು. "ಚೆನ್ನಾಗಿದೆ ಅಪ್ಪ! ಊರೆಲ್ಲ ನನ್ನ ಬಾಯಿ ದೊಡ್ಡದು ಅಂತ ಬೈಯುತ್ತೆ. ನೀನು ನೋಡಿದ್ರೆ ನಾನು ಸುಮ್ಮನಿದ್ದ ಎರಡು ನಿಮಿಷಾನೇ ಕೈಗೆ ಕಟ್ಕೊಂಡು ಓಡಾಡ್ತಿದ್ದೆ." ಅವಳು ನಕ್ಕಳು, ಮೂಗೆಳೆದುಕೊಂಡಳು, ಹೆಬ್ಬೆರಳನ್ನು ಕೆಳಗಿನ ಬಟನ್ ಮೇಲಿಟ್ಟು ಒತ್ತಿದಳು.

ಟಕ್. ಮುಳ್ಳು ಕಣ್ಣಿಗೆ ಕಾಣದಷ್ಟು ಬೇಗ ಹಾರಿ ಹನ್ನೆರಡರ ಗೆರೆಯ ಮೇಲೆ ಕೂದಲೆಳೆಯಷ್ಟೂ ತಪ್ಪದೆ ಕುಳಿತಿತು. ಬೆಲೆ ಕಟ್ಟುವವಳು ಅದನ್ನು ನೋಡಿ ತಲೆದೂಗಿದಳು. ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ಅಪ್ಪ ಕಣ್ಣು ಮುಚ್ಚಿದ್ದರು. ಅವರ ಬಲಗೈ ಹೆಬ್ಬೆರಳು ಎಡ ಮಣಿಕಟ್ಟಿನ ಮೇಲೆ, ಗಡಿಯಾರ ಬಿಟ್ಟುಹೋದ ಬಿಳಿಯ ಗುರುತನ್ನು ಗಟ್ಟಿಯಾಗಿ ಒತ್ತಿ ಹಿಡಿದಿತ್ತು.

"ಉಸಿರು ಬಿಡಪ್ಪ," ಎಂದಳು ಮಗಳು. "ಬೇಕಾದ್ರೆ ಇನ್ನೊಂದ್ಸಲ ಅಳ್ತೀನಿ."