ಬಸಣ್ಣನ ಹೆಸರಿನ ಸೀಸೆ

ಆಂಟಿಬಯೋಟಿಕ್‌ಗಳೆಲ್ಲ ಕೈಕೊಟ್ಟು ಇಪ್ಪತ್ತು ವರ್ಷವಾಗಿತ್ತು. ಈಗ ಪ್ರತಿ ಆಸ್ಪತ್ರೆಯಲ್ಲೂ ಒಂದು ಮಣ್ಣಿನ ಕೋಣೆಯಿತ್ತು. ರೋಗಿಯ ಗಾಯದ ಬ್ಯಾಕ್ಟೀರಿಯಾವನ್ನು ಕೊಲ್ಲುವ ವೈರಸ್ಸನ್ನು ಅಲ್ಲಿ ಮಣ್ಣಿನಿಂದ ಹೆಕ್ಕುತ್ತಿದ್ದರು. ಧಾರವಾಡದ ಕೋಣೆಯಲ್ಲಿ ನೀಲವ್ವ, ಶಾರವ್ವ ಎಂಟು ವರ್ಷದಿಂದ ಒಂದೇ ಮೇಜಿಗೆ ಕೂತವರು.

ನೀಲವ್ವನ ಅಣ್ಣ ಬಸಣ್ಣನ ಕಾಲು ಕೊಳೆಯುತ್ತಿತ್ತು. ನಲವತ್ತು ಕಡೆಯ ಮಣ್ಣು ಸೋಸಿದ ಮೇಲೆ ದನದ ದೊಡ್ಡಿಯ ಹಿಂದಿನ ಮಣ್ಣು ಕೈಹಿಡಿಯಿತು. ಬ್ಯಾಕ್ಟೀರಿಯಾ ಹಬ್ಬಿದ ಗಾಜಿನ ತಟ್ಟೆಯಲ್ಲಿ, ಅವು ಸತ್ತ ಕಡೆಯೆಲ್ಲ ತಿಳಿಯಾದ ತೂತುಗಳು ಮೂಡಿದವು. ಅವಳು ಆ ವೈರಸ್ಸಿಗೆ ಅಣ್ಣನ ಹೆಸರೇ ಇಟ್ಟಳು. ಬೆಳೆಸಿದ ಮೊದಲ ಸೀಸೆಯನ್ನು ವಾರ್ಡಿಗೆ ತರಲು ಶಾರವ್ವನ ಕೈಗೆ ಕೊಟ್ಟು, ಅಣ್ಣನಿಗೆ ಸುದ್ದಿ ಹೇಳಲು ಓಡಿದಳು.

ಸೀಸೆ ವಾರ್ಡಿಗೆ ಬರಲೇ ಇಲ್ಲ. ಅದೇ ಸೋಂಕಿನಿಂದ ಪಕ್ಕದ ವಾರ್ಡಿನಲ್ಲಿ ಮಲಗಿದ್ದ ತನ್ನ ಮಾವನಿಗೆ ಶಾರವ್ವ ಅದನ್ನು ಕೊಡಿಸಿದ್ದಳು.

“ಮೂರು ದಿನದಾಗ ಇನ್ನೊಂದು ಸೀಸೆ ಬೆಳಿತೈತಲ್ಲಕ್ಕಾ,” ಎಂದಳು ಶಾರವ್ವ, ತಲೆ ಎತ್ತದೆ.

“ಅಲ್ಲೀತನಕ ಅವನ ಕಾಲು ತಡಿಯೂದಿಲ್ಲಂತ ನಿನಗ ಗೊತ್ತಿರಲಿಲ್ಲೇನ?”

“ಗೊತ್ತಿತ್ತು.”

ಎರಡನೇ ದಿನ ಬಸಣ್ಣನ ಕಾಲು ತೆಗೆದರು. ಜೀವ ಉಳಿಯಿತು.

ಮರುವಾರ ಶಾರವ್ವ ಎಂದಿನಂತೆ ಬುತ್ತಿ ಬಿಚ್ಚಿ ಒಂದು ರೊಟ್ಟಿ ಇತ್ತ ಸರಿಸಿದಳು.

“ನಿಮ್ಮ ಮಾವ ಅಡ್ಡಾಡತಾರೇನ?” ನೀಲವ್ವ ಕೇಳಿದಳು.

“ಹೂನಕ್ಕಾ. ನಿನ್ನೆಯಿಂದ.”

“ಚಲೋ ಆತು,” ಎಂದು ನೀಲವ್ವ ತನ್ನ ಸ್ಟೂಲು ಎತ್ತಿಕೊಂಡು ಹೋಗಿ, ಗೋಡೆಗೆ ಮುಖಮಾಡಿ ಕೂತು ಕೆಲಸ ಶುರುಮಾಡಿದಳು.