ಫ್ರೇಮಿನ ಅಳತೆಗೆ

“ಫ್ರೇಮ್ ತಂದಿದ್ದೀನಿ ಅಣ್ಣ, ಇದರ ತುಂಬ ಇವರೇ ಇರಬೇಕು,” ಎಂದು ಬೇಕರಿಯಾಕೆ ಮೇಜಿನಷ್ಟೇ ಅಗಲದ ಫ್ರೇಮನ್ನು ತಂದು ಎದುರಿಗಿಟ್ಟಾಗ ಸ್ಟುಡಿಯೋದವರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಫೋಟೋ ತೆಗೆಸಿದ ಮೇಲೆ ಫ್ರೇಮ್ ಕೊಳ್ಳುವವರನ್ನು ಅವರು ಕಂಡಿದ್ದರು. ಫ್ರೇಮ್ ಕೊಂಡು ಅದಕ್ಕೆ ಫೋಟೋ ಹುಡುಕಿದವಳು ಇವಳೊಬ್ಬಳೇ.

ಕಂಪ್ಯೂಟರಿನಲ್ಲಿದ್ದದ್ದು ನಿನ್ನೆ ಅವರೇ ತೆಗೆದ ಚಿತ್ರ. ಬೇಕರಿಯ ಒಲೆಯ ಮುಂದೆ ಅವಳ ಗಂಡ ನಿಂತಿದ್ದ. ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದು ಬಂದವನು; ಅಂಗಿಯೊಳಗೆ ಅವನನ್ನು ಹುಡುಕಬೇಕಾಗಿತ್ತು.

“ಅಂಗಡಿ ಮಾರೋಣ ಅಂದ್ರೆ ಕೇಳಲ್ಲ ಇವಳು,” ಎಂದ ಗಂಡ, ಬಾಗಿಲ ಬಳಿಯ ಬೆಂಚಿನಲ್ಲಿ ಕೂತಲ್ಲಿಂದಲೇ. “ಇಂಥ ಕಡ್ಡಿ ಪೈಲ್ವಾನ್ ಮಾಡಿದ ಬ್ರೆಡ್ಡನ್ನ ಯಾರು ತಗೋತಾರೆ ಹೇಳಿ.”

“ಸೋಮವಾರ ಅಂಗಡಿ ತೆಗೀತೀವಿ,” ಎಂದಳು ಅವಳು, ಅತ್ತ ತಿರುಗದೆ. “ಗಲ್ಲಾ ಹಿಂದಿನ ಗೋಡೆಗೆ ಈ ಫೋಟೋ.”

ಚಿತ್ರ ಫ್ರೇಮಿಗೆ ಕೂರಲಿಲ್ಲ. ಎರಡೂ ಪಕ್ಕ ಖಾಲಿ ಉಳಿಯಿತು. ಕತ್ತರಿಸೋಣವೆಂದರೆ ತಲೆಯಿಂದ ಕಾಲಿನವರೆಗೂ ಬೇಕು, ಹಿಂದಿನ ಒಲೆಯೂ ಪೂರ್ತಿ ಬೇಕು ಎಂದು ಅವಳ ಹಟ.

“ಪಕ್ಕಕ್ಕೆ ಎಳೀರಿ, ಅಷ್ಟೇ.”

“ಎಳೆಯೋಕೆ ಇದೇನು ಹಿಟ್ಟೇನಮ್ಮ?”

ಚಿತ್ರವನ್ನು ದೊಡ್ಡದು ಮಾಡುವುದಾದರೆ ಮೂಲೆ ಹಿಡಿಯಬೇಕು, ಉದ್ದ ಅಗಲ ಎರಡೂ ಒಟ್ಟಿಗೇ ಬೆಳೆಯಬೇಕು. ಬರೀ ಪಕ್ಕ ಹಿಡಿದು ಎಳೆದರೆ ಮುಖ ಕೆಟ್ಟಿತೆಂದೇ ಲೆಕ್ಕ. ಹಾಗೆ ಕೆಟ್ಟ ಮುಖವೊಂದೂ ಅವರ ಸ್ಟುಡಿಯೋದ ಹೊಸ್ತಿಲು ದಾಟಿರಲಿಲ್ಲ. ಈಕೆ ಬಾಯಿಮಾತಿಗೆ ಬಗ್ಗುವವಳಲ್ಲ, ಕಣ್ಣಾರೆ ನೋಡಲಿ ಎಂದು ಅವರು ಮೌಸಿನಿಂದ ಚಿತ್ರದ ಬಲಪಕ್ಕವನ್ನು ಹಿಡಿದು ಫ್ರೇಮಿನ ಅಗಲಕ್ಕೆ ಎಳೆದೇಬಿಟ್ಟರು.

“ನೋಡಿ, ಮನುಷ್ಯ ಊದಿಕೊಂಡ.”

ಅವಳು ಮುಂದಕ್ಕೆ ಬಾಗಿದಳು. ಪರದೆಯ ಮೇಲೆ ಗಂಡನ ಕೆನ್ನೆ ತುಂಬಿತ್ತು. ಭುಜಗಳು ಅಂಗಿಯನ್ನು ತುಂಬಿ ನಿಂತಿದ್ದವು. ಕಾಯಿಲೆಗೆ ಮೊದಲು ಮೈದಾ ಮೂಟೆಯನ್ನು ಹೆಗಲಿಗೆಸೆದುಕೊಂಡು ಹಾಡುತ್ತ ಹೋಗುತ್ತಿದ್ದ ಆಸಾಮಿ ಅಲ್ಲಿದ್ದ. ಅವಳ ಕಣ್ಣಲ್ಲಿ ನೀರಾಡಿತು, ಮುಚ್ಚಿಡಲೂ ಹೋಗಲಿಲ್ಲ.

“ಇದನ್ನೇ ಹಾಕಿ ಅಣ್ಣ.”

“ಹಳೇ ಫೋಟೋ ಇದ್ರೆ ಕೊಡಮ್ಮ, ಅದನ್ನೇ ದೊಡ್ಡದು ಮಾಡ್ತೀನಿ.”

“ಹಳೇದು ಹಾಕಿದ್ರೆ ಹೋದವರ ಫೋಟೋ ಥರ ಕಾಣುತ್ತೆ. ಇದು ನಿನ್ನೆ ತೆಗೆದದ್ದು.”

“ಆದ್ರೆ ಅಳತೆ ತಪ್ಪಿದೆಯಲ್ಲಮ್ಮ.”

“ಫೋಟೋ ಅಳತೆ ಸರಿಯಾಗೇ ಇದೆ. ಇವರನ್ನ ಆ ಅಳತೆಗೆ ತರೋದು ನನಗೆ ಬಿಡಿ.”

ಸ್ಟುಡಿಯೋದವರು ಮೌಸಿನ ಮೇಲಿದ್ದ ಕೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡರು. ಗಂಡ ಎದ್ದು ಬಂದು, ಮೇಜಿಗೆ ಕೈಯೂರಿ, ಪರದೆಯನ್ನು ಬಹಳ ಹೊತ್ತು ನೋಡಿದ.

“ಒಲೆನೂ ದೊಡ್ಡದಾಗಿದೆಯಲ್ಲೇ,” ಎಂದ.

“ಅದೂ ಆಗುತ್ತೆ,” ಎಂದಳು ಅವಳು. “ಮೊದಲು ನೀವಾಗಿ.”