ಗದ್ದದ ಕಲೆ

ಫ್ಲೂ ಊರು ಬಿಟ್ಟು ಹೋಗದೆ ನಲವತ್ತು ವರ್ಷವಾಯಿತು. ಈಗ ತಾಳಿ ಕಟ್ಟಿದ ಮೇಲೆ ಗಂಡ ಹೆಂಡತಿ ಬಾಗಿಲು ಹಾಕಿಕೊಂಡು ಮಾಸ್ಕ್ ತೆಗೆಯುತ್ತಾರೆ. ಆಮೇಲೆ ಆ ಮುಖ ಮನೆಯವರಿಗೆ ಮಾತ್ರ.

ನಮ್ಮವರಿಗೆ ಹೊಸ ಮಾಸ್ಕ್ ಕೊಳ್ಳಲು ಹೇಮಲತೆಯ ಅಂಗಡಿಗೆ ಹೋದೆ. ಹತ್ತು ವರ್ಷದಿಂದ ನಮ್ಮಿಬ್ಬರಿಗೂ ಹೊಲಿಯುವವಳು ಅವಳೇ. ಹಾಕಿಕೊಂಡ ಮಾಸ್ಕಿನ ಮೇಲೆಯೇ ಟೇಪು ಹಿಡಿದು ಅಳತೆ ತೆಗೆಯುವುದು ಪದ್ಧತಿ.

ಮೂರು ಪದರದ ಒಂದನ್ನು ಬೆಳಕಿಗೆ ಹಿಡಿದು ನೋಡಿದೆ, ಮೂಗಿನ ತಂತಿ ಒತ್ತಿ ನೋಡಿದೆ.

"ಅದು ಬೇಡ ಅಕ್ಕ, ಒಳಬಟ್ಟೆ ಒರಟು. ಗದ್ದದ ಮೇಲೆ ಆ ಕಲೆ ಇದ್ಯಲ್ಲ, ಅಲ್ಲಿ ಉಜ್ಜಿ ಕೆಂಪಾಗತ್ತೆ ಅವ್ರಿಗೆ," ಎಂದಳು ಹೇಮಲತೆ.

ಮದುವೆಯ ದಿನ ಅವರು ನನ್ನ ಬೆರಳನ್ನು ಆ ಕಲೆಯ ಮೇಲಿಟ್ಟುಕೊಂಡು, "ಅಮ್ಮನ್ನ ಬಿಟ್ರೆ ನೋಡಿದೋಳು ನೀನೊಬ್ಳೇ ಕಣೇ," ಎಂದಿದ್ದರು.

"ಮೆತ್ತಗಿರೋದು ಯಾವ್ದಿದೆ?" ಎಂದೆ.

ಅವಳು ತಲೆ ಎತ್ತದೆ ಡ್ರಾಯರಿನಿಂದ ಒಂದನ್ನು ತೆಗೆದಿಟ್ಟಳು. ಅವರ ಅಳತೆಯದು, ಗದ್ದದ ಬಳಿ ಮೆತ್ತನೆಯ ಮಲ್ ಬಟ್ಟೆಯ ತುಂಡು ಇಟ್ಟು ಆಗಲೇ ಹೊಲಿದಾಗಿತ್ತು.

ನಾನು ಕಿವಿಯಿಂದ ದಾರ ಬಿಡಿಸಿ ನನ್ನ ಮಾಸ್ಕ್ ತೆಗೆದೆ. ಹೇಮಲತೆ ಗಾಬರಿಯಿಂದ ಹಿಂದೆ ಸರಿದಳು.

"ಯಾಕಮ್ಮ, ನಮ್ಮನೇಲಿ ನೀನು ನೋಡ್ದೆ ಇರೋ ಮುಖ ಇದೊಂದೇ," ಎಂದೆ. "ಇದನ್ನೂ ನೋಡ್ಕೋ."